ಒಂದೇ ಪದರದ ಮಣ್ಣು

ಸೊಸೆ ಮಣ್ಣಿನ ವಿಜ್ಞಾನಿ, ಮಾವ ನಿವೃತ್ತ ಅರಣ್ಯ ವಿಜ್ಞಾನಿ. ಊಟಕ್ಕೆ ಕೂತರೂ ಇಬ್ಬರ ಮಾತು ಬೇರು, ತೇವ ಅಂತಲೇ ಸುತ್ತುತ್ತಿತ್ತು. ಬಡಿಸುವವರಿಲ್ಲದೆ ಕಾದು ಕೂತ ಅವಳ ಗಂಡ, ಹೀಗೇ ಆದರೆ ನನ್ನ ಬಾಯಿಗೂ ಮಣ್ಣೇ ಗತಿ ಎಂದು ನಗುತ್ತಿದ್ದ.

ಕಾಡಿಗೂ ಮಣ್ಣಿಗೂ ಇರುವ ಕೊಡುಕೊಳ್ಳುವಿಕೆಯನ್ನು ಲೆಕ್ಕ ಹಾಕಲು ಅವಳ ಕಚೇರಿಗೆ ಒಂದು ಕಂಪ್ಯೂಟರ್ ಮಾಡೆಲ್ ಬೇಕಿತ್ತು. ಆರಿಸುವ ಕೆಲಸ ಅವಳ ಹೆಗಲಿಗೆ ಬಿತ್ತು. ಕಡೆಗೆ ಉಳಿದದ್ದು ಎರಡು. ಒಂದು ಮಾವನವರೇ ಪ್ರಾಯದಲ್ಲಿ ಬರೆದದ್ದು. ಕಚೇರಿಯವರೆಲ್ಲ ಅದರಲ್ಲೇ ಕೈ ಪಳಗಿಸಿಕೊಂಡಿದ್ದರು. ಇನ್ನೊಂದು ಹೊಸದು, ನಿಧಾನ, ಓಡಿಸುವುದೇ ತಲೆನೋವು.

ಎರಡಕ್ಕೂ ಒಂದೇ ಕಾಡಿನ ಮಳೆ, ಬಿಸಿಲು, ಮಣ್ಣಿನ ಅಳತೆ ಕೊಟ್ಟು ನೋಡಿದಳು. ಮಳೆಗಾಲದಲ್ಲಿ ಎರಡೂ ಸರಿ ಬಂದವು. ಬೇಸಿಗೆಗೆ ಮಾತ್ರ ಮಾವನವರ ಮಾಡೆಲ್ಲಿನ ಮರಗಳು ಒಣಗಿ ನಿಂತವು. ನಿಜವಾದ ಕಾಡು ಹಸಿರಾಗಿಯೇ ಇತ್ತು. ಅಲ್ಲಿ ಬೇರುಗಳು ಆಳದಿಂದ ನೀರೆಳೆಯುತ್ತಿದ್ದವು. ಹಳೆಯ ಮಾಡೆಲ್ಲಿನಲ್ಲಿ ಮಣ್ಣೆಂದರೆ ಮೇಲಿನ ಒಂದೇ ಪದರ, ಆ ಆಳವೇ ಇರಲಿಲ್ಲ.

ಹೇಳಲೂ ಆಗದೆ, ಬಿಡಲೂ ಆಗದೆ ವಾರವಿಡೀ ಒದ್ದಾಡಿದಳು. ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದ ಮಾವನವರ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತಳು. ಅವರು ಮೊದಲು ಅವಳ ಲೆಕ್ಕದಲ್ಲೇ ತಪ್ಪು ಹುಡುಕಿದರು. ಮಳೆಯ ಅಳತೆ ನಂಬಬಹುದಾ, ಬೇರಿನ ಆಳ ಯಾರು ನೋಡಿದ್ದು ಎಂದೆಲ್ಲ ಕೆದಕಿದರು. ಎಲ್ಲಕ್ಕೂ ಉತ್ತರ ಸಿಕ್ಕಿದ ಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಕಿವಿ ಕೆಂಪಾಗಿತ್ತು.

"ಆಗಿನ ಕಂಪ್ಯೂಟರಿಗೆ ಒಂದು ಪದರ ಮಣ್ಣೇ ಹೆಚ್ಚಾಗಿತ್ತಮ್ಮ," ಎಂದರು. "ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಎಲ್ಲರೂ ಚೆನ್ನಾಗಿದೆ ಅಂದ್ರು, ಹಾಗೇ ಬಿಟ್ಟೆ."

"ನಿಮಗೆ ನೋವಾಗುತ್ತೆ ಅಂತ ಹೇಳೋಕೆ ಹೆದರಿದೆ, ಮಾವ."

"ಆಗಿದೆ. ಆದ್ರೂ ಹೊಸದನ್ನೇ ಆರಿಸು. ನನ್ನ ಮುಖ ನೋಡಿ ಕಾಡು ಒಣಗಿಸಬೇಡ."

ಕಚೇರಿಯ ಸಭೆಯಲ್ಲಿ ಅವಳು ಹೊಸದನ್ನು ಮುಂದಿಟ್ಟಾಗ ಹಳಬರು ಮುಖ ಗಂಟಿಕ್ಕಿದರು. ಸ್ವಂತ ಮಾವನದ್ದನ್ನೇ ಮೂಲೆಗೆ ತಳ್ಳಿದಳಲ್ಲ ಎಂಬ ಗುಸುಗುಸು ಎದ್ದಿತು. ಅಷ್ಟರಲ್ಲಿ ಯಾರೂ ಕರೆಯದಿದ್ದರೂ ಮಾವನವರೇ ಬಂದರು. ತಮ್ಮ ಮಾಡೆಲ್ ಎಲ್ಲಿ ಸೋಲುತ್ತದೆಂದು ತಾವೇ ಪರದೆಯ ಮೇಲೆ ತೋರಿಸಿದರು. ಹೊಸದಕ್ಕೇ ಒಪ್ಪಿಗೆ ಸಿಕ್ಕಿತು.

ವಾಪಸಾಗುವಾಗ ಬಸ್ಸಿನಲ್ಲಿ ಅವರು, ಉದುರಿದ ಎಲೆ ಕೊಳೆಯುವ ಲೆಕ್ಕ ಹೊಸದರಲ್ಲಿ ಹೇಗಿದೆ ಎಂದು ಕೇಳಿದರು. ಅಷ್ಟಕ್ಕಷ್ಟೇ ಎಂದಳು. ಹಾಗಾದರೆ ನನ್ನದರಿಂದ ಆ ಭಾಗ ತೆಗೆದುಕೋ, ಅದು ಗಟ್ಟಿಯಾಗಿದೆ ಎಂದರು.

ತವರಿನಲ್ಲೂ ಯಾರೂ ಅವಳಿಗಾಗಿ ಇಷ್ಟು ದೊಡ್ಡದನ್ನು ಬಿಟ್ಟುಕೊಟ್ಟಿರಲಿಲ್ಲ. ಏನಾದರೂ ಹೇಳಬೇಕೆಂದು ತಿರುಗಿದರೆ, ಅವರಾಗಲೇ ಎಲೆಗಳ ಬಗ್ಗೆ ಮುಂದಿನ ಪ್ರಶ್ನೆ ಕೇಳುತ್ತಿದ್ದರು.