ಕೆಂಚನ ಚಪ್ಪಡಿ

ಹಗ್ಗ ಅಂಗೈ ಉರಿಸುತ್ತಿದೆ, ಉರಿಸಲಿ, ಬಿಟ್ಟರೆ ತಾನೆ — ನಮ್ಮ ಯಜಮಾನರು ಇದೇ ಹಗ್ಗವನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ಕೈಯನ್ನು ಸ್ವೆಟರ್ ಜೇಬಿಗಿಳಿಸಿ ಈ ಪಾರ್ಕು ಸುತ್ತುತ್ತಿದ್ದರಂತೆ, ನಾನು ಒಂದು ದಿನವೂ ಬಂದು ನೋಡಲಿಲ್ಲ, ನಾಯಿ ಕಂಡರೆ ಸೀರೆ ಎತ್ತಿ ಸಿಕ್ಕಿಸಿ ಓಡುವವಳು ನಾನು, ಬಾರೇ ಶಸಿ, ಕೆಂಚ ಏನ್ ನಿನ್ನ ತಿಂದಾಕ್ಬುಟ್ಟಾನಾ ಅನ್ನೋರು, ಅಯ್ಯೋ ಓಗಿ ನೀವು, ನಾ ಬರಾಕಿಲ್ಲ — ಈಗ ನೋಡಿ, ನಾನು ಬಂದಿದ್ದೇನೆ, ನೀವಿಲ್ಲ. ಎಳೀಬೇಡ ಕಣ್ಲಾ ಕೆಂಚ, ನಿನ್ನ ಕಾಲೇ ಕುಂಟು, ನನ್ನ ಮಂಡಿಯೂ ಅಷ್ಟಕ್ಕಷ್ಟೆ, ಈ ಹೊಂಗೆ ಮರದ ದಾರಿ ಮುಗಿದರೆ ಆ ಬೇಲಿ ಹಾಕಿದ ಜಾಗ, ನಾಯಿಗಳನ್ನು ಬಿಚ್ಚಿ ಬಿಡುವುದು ಅಲ್ಲೇ, ಅಲ್ಲಿ ಇವನನ್ನು ಬಿಚ್ಚಬೇಕು, ಬಿಚ್ಚಿ ಕರೆಯಬೇಕು, ಕರೆದರೆ ಇವನು ನನ್ನ ಹತ್ತಿರ ಬರಬೇಕು, ಬರದಿದ್ದರೆ ಭಾವ ಹೇಳಿದ್ದೇ ನಿಜವಾಗುತ್ತದೆ. ಇವತ್ತು ಭಾನುವಾರ, ಯಜಮಾನರ ಅಣ್ಣ ಪುಟ್ಟಸ್ವಾಮಿ ಭಾವ ಮಳವಳ್ಳಿಯಿಂದ ಗೂಡ್ಸ್ ಆಟೋ ತರುತ್ತಾರೆ, ಕೆಂಚನನ್ನು ಎತ್ತಿ ಹಾಕಿಕೊಂಡು ಸೋಮನಹಳ್ಳಿಯಲ್ಲಿ ಯಾರದೋ ಶೆಡ್ಡಿನ ಮುಂದೆ ಚೈನು ಬಿಗಿದು ಬರುತ್ತಾರೆ, ನಿನ್ ಕೈಲಿ ಇಡ್ಕಳಕಾದದೇನಮ್ಮ ಅದ್ನ, ಅವನಿದ್ದ, ಇಡ್ಕತಿದ್ದ ಅಂದಿದ್ದರು. ಆಗಲೂ ನಾನು ಬಾಗಿಲ ಮರೆಯಿಂದ ಹ್ಞೂಂ ಅಂದೆ. ಮದುವೆಯಾದಾಗಿನಿಂದ ಭಾವನಿಗೆ ಹ್ಞೂಂ ಅಂದೇ ಅಭ್ಯಾಸ.

ಹುಲ್ಲಿಗೆ ನೀರು ಬಿಟ್ಟಿದ್ದಾರೆ, ಚಪ್ಪಲಿ ಪಿಚಪಿಚ ಅನ್ನುತ್ತಿದೆ, ತಿಥಿ ದಿನ ಹಿತ್ತಿಲೂ ಹೀಗೇ ಒದ್ದೆ, ತೊಳೆದು ರಂಗೋಲಿ ಬಿಟ್ಟಿದ್ದರು, ಎಡೆ ಎಲ್ಲಿಡುವುದು ಅಂತ ಭಾವನೇ ಸುತ್ತಿ ಸುತ್ತಿ ನೋಡಿ ಕರಿಬೇವಿನ ಗಿಡದ ಕೆಳಗಿನ ಚಪ್ಪಡಿ ಹುಡುಕಿದರು, ಇಲ್ಲಿ ಕಾಗೆ ಕೂರ್ತವೆ, ಕಲ್ಲೂ ಚೊಕ್ಕಟವಾಗಿ ಅದೆ, ಇಲ್ಲೇ ಮಡಗ್ರಿ. ಚೊಕ್ಕಟವಾಗಿರದೆ ಏನು, ದಿನವೂ ಕೆಂಚ ನೆಕ್ಕುತ್ತಿದ್ದ ಕಲ್ಲು! ಬ್ಲಫ್‌ನ ಜಲಪಾತದ ಪವರ್ ಹೌಸಿನಿಂದ ರಿಟೈರಾಗಿ ಬರುವಾಗ ಯಜಮಾನರು ತಂದದ್ದು ಒಂದು ಬೀರು, ಒಂದು ಗೋಡೆ ಗಡಿಯಾರ, ಈ ಕೆಂಚ, ಬಂದ ದಿನದಿಂದ ತಮ್ಮ ಮುದ್ದೆಯಲ್ಲಿ ಅರ್ಧ ಮುರಿದು ಆ ಚಪ್ಪಡಿಯ ಮೇಲೇ ಇಡುತ್ತಿದ್ದರು, ಬೆರಳ ಗೆಣ್ಣಿನಿಂದ ಕಲ್ಲನ್ನು ಟಕ್ ಟಕ್ ಕುಟ್ಟುತ್ತಿದ್ದರು, ಅದೇ ಊಟದ ಗಂಟೆ. ನನಗೆ ಗೊತ್ತಿತ್ತು, ಆದರೆ ನನ್ನನ್ನು ನಡುಮನೆಯ ಮೂಲೆಯಲ್ಲಿ ಕೂರಿಸಿದ್ದರಲ್ಲ, ಕೇಳುವವರು ಯಾರು. ಬಾಳೆ ಎಲೆಯಲ್ಲಿ ಮುದ್ದೆ, ಅವರೆಕಾಳು ಸಾರು, ವಡೆ, ಪಾಯಸ, ಎಲ್ಲರೂ ದೂರ ಸರಿದು ಕೈ ಮುಗಿದು ನಿಂತಿದ್ದಾರೆ, ಕಾ ಕಾ ಅಂತ ಕರೆಯುತ್ತಿದ್ದಾರೆ, ಕಾಗೆ ಗೋಡೆಯ ಮೇಲೆ ಕೂತು ಕತ್ತು ಕೊಂಕಿಸುತ್ತಿದೆ, ಕೆಂಚ ಶಾಮಿಯಾನದ ಕುರ್ಚಿಗಳ ಕೆಳಗಿಂದ ಎದ್ದು ಬಂದ, ಕಳ್ಳನ ಹಾಗೆ ಅಲ್ಲ, ದಿನಾ ಬರುವ ಹಾಗೆ ಬಂದು ತಿಂದ. ಇಡೀರ್ಲಾ, ಒಡೀರ್ಲಾ, ಯಾರೋ ಸೌದೆ ಬೀಸಿದರು, ಕಾಲಿಗೆ ಬಿತ್ತು, ಅಷ್ಟರಲ್ಲಿ ಎಲೆ ಖಾಲಿ, ಒಂದು ಅಗುಳಿಲ್ಲ, ನೆಕ್ಕಿದ ಎಲೆ ಬಿಸಿಲಿಗೆ ಹಸಿರಾಗಿ ಹೊಳೆಯುತ್ತಿದೆ, ಕಿಟಕಿಯಿಂದ ನೋಡುತ್ತಿದ್ದ ನನ್ನ ಕಣ್ಣಲ್ಲಿ ಉಳಿದದ್ದು ಅದೊಂದೇ. ಕಾಗೆ ಮುಟ್ಟನಿಲ್ಲ ಕಣಮ್ಮ, ನನ್ ತಮ್ಮನ ಜೀವ ಅಂತರದಲ್ಲೇ ಅದೆ, ಈ ನಾಯಿ ಮನೇಲಿರ್ಬಾರ್ದು. ಅವತ್ತಿನಿಂದ ಕೆಂಚ ಚಪ್ಪಡಿಯ ಹತ್ತಿರ ಸುಳಿದಿಲ್ಲ, ನಾನಿಟ್ಟದ್ದನ್ನು ಮೂಸುವುದೂ ಇಲ್ಲ, ಪಕ್ಕೆಯ ಮೂಳೆ ಎದ್ದು ಕಾಣುತ್ತಿದೆ.

ಗೇಟಿನ ಚಿಲಕ ಬಿಗಿ, ಒಳಗಿದ್ದ ಹುಡುಗಿಯೊಬ್ಬಳು ಬಂದು ತೆಗೆದಳು, ಆಂಟಿ, ಇದು ಕೆಂಚ ಅಲ್ವಾ, ಅಂಕಲ್ ಕಾಣ್ತಿಲ್ಲ? ಹೋದರು ಕಣಮ್ಮ ಅಂದೆ, ಅವಳ ಮುಖ ಸಪ್ಪಗಾಯಿತು, ಚಂದನ ಅಂತೆ, ಅವಳ ದಪ್ಪ ಬಿಳಿ ನಾಯಿ ನನ್ನ ಸೀರೆ ಮೂಸುತ್ತಿದೆ, ಅಯ್ಯೋ ಶಿವನೆ, ಓಡಬೇಡ ಶಶಿ, ನಿಲ್ಲು, ಹಲ್ಲು ಕಚ್ಚಿ ನಿಲ್ಲು — ಬೆಲ್ಟ್ ಬಿಚ್ಚಿ ಆಂಟಿ, ಏನೂ ಆಗಲ್ಲ. ನನಗೆ ಬೆಲ್ಟೂ ಇಲ್ಲ, ಹಗ್ಗದ ಗಂಟು, ಬಿಚ್ಚಲು ಇವನ ಕುತ್ತಿಗೆಯನ್ನು ಮುಟ್ಟಬೇಕು, ಇಷ್ಟು ವರ್ಷದಲ್ಲಿ ಮುಟ್ಟಿದವಳೇ ಅಲ್ಲ, ಬೆಚ್ಚಗಿದೆ, ನಡುಗುತ್ತಿದೆ, ನೀನೂ ಹೆದರಿದ್ದೀಯೇನೋ ಮುಂಡೇದೆ. ಬಿಚ್ಚಿದೆ. ಕುಂಟುತ್ತ ಓಡಿ ದೂರದ ಮೂಲೆ ಹಿಡಿದು ಕೂತ, ಮುಖ ಆ ಕಡೆಗೆ. ಕೆಂಚಾ ಅಂದೆ, ಕಿವಿಯೂ ಅಲುಗಲಿಲ್ಲ, ಸೆರಗಿನೊಳಗಿಂದ ಸ್ಟೀಲ್ ಡಬ್ಬಿ ತೆಗೆದು ಒಂದು ಹಾಸುಗಲ್ಲಿನ ಪಕ್ಕ ನೆಲಕ್ಕೇ ಕೂತೆ, ಮಂಡಿ ಲಟಕ್ ಅಂತು, ಮುಚ್ಚಳ ಮಗುಚಿ ಮುದ್ದೆ ಮುರಿದಿಟ್ಟೆ, ಅಷ್ಟರಲ್ಲಿ ಬೇಲಿಯಾಚೆ ಬಿಳಿ ಪಂಚೆ, ಭಾವ, ಪಕ್ಕದ ಮನೆಯವರು ಹೇಳಿರಬೇಕು. ಏನಮ್ಮ ಇದು, ಮನೆ ಬುಟ್ಟು ನಾಯಿಗಳ ನಡುವೆ ಕೂತಿದ್ದೀಯೆ, ಆಟೋ ನಿಂತದೆ, ಇಡ್ಕಂಡು ಬಾ ಅದ್ನ. ಏಳಬೇಕು, ಸೆರಗು ಎಳೆದುಕೊಳ್ಳಬೇಕು, ಭಾವನ ಎದುರು ಕೂತವಳೇ ಅಲ್ಲ ನಾನು — ಏಳುವುದಿಲ್ಲ, ಇವತ್ತು ಏಳುವುದಿಲ್ಲ, ಬೆರಳ ಗೆಣ್ಣು ಮಡಿಸಿದೆ, ಮುಚ್ಚಳದ ಪಕ್ಕದ ಕಲ್ಲಿನ ಮೇಲೆ ಟಕ್ ಟಕ್.

ಕೆಂಚ ತಿರುಗಿದ. ನನ್ನ ಹಿಂದೆ ಯಾರನ್ನೋ ಹುಡುಕಿದ, ಇಲ್ಲ ಕಣೋ, ಅವರು ಇಲ್ಲ, ನಾನೇ ಕುಟ್ಟಿದ್ದು, ಟಕ್ ಟಕ್, ನೋಡು, ನಾನೇ — ಬಂದ, ಕುಂಟಿಕೊಂಡು ನಿಂತು ನಿಂತು ಬಂದ, ಉರಿಯುವ ಅಂಗೈ ಮೂಸಿದ, ತಿಂದ, ಗಬಗಬ ಅಲ್ಲ, ಮೆಲ್ಲಗೆ, ಬಾಗಿಲಿಲ್ಲ ಮರೆಯಿಲ್ಲ, ಮುಖ ಎತ್ತಿ ಹೇಳಿದೆ, ಕೆಂಚ ಎಲ್ಲೂ ಬರಾಕಿಲ್ಲ ಭಾವ, ಆಟೋ ಕಳಿಸ್ಬುಡಿ. ಕಾಗೆ ಮುಟ್ಟನಿಲ್ಲವಲ್ಲಮ್ಮ, ಭಾವನ ದನಿ ಒಡೆದಿತ್ತು, ಪಾಪ, ಅವರಿಗೂ ತಮ್ಮನೇ ಅಲ್ಲವೆ, ಒಡಹುಟ್ಟಿದವನು. ಅವ್ರು ಯಾವತ್ತು ಕಾಗೆಗೆ ಮುದ್ದೆ ಆಕಿದ್ರು ಭಾವ, ದಿನಾ ಕೆಂಚನ್ಗೇ ಅಲ್ವಾ? ಭಾವ ಬೇಲಿಯ ತಂತಿ ಹಿಡಿದು ನಿಂತರು, ಹೊಂಗೆ ಮರದಲ್ಲಿ ಕಾಗೆಯೊಂದು ಕೂಗುತ್ತಿದೆ, ಭಾವ ತಲೆ ಎತ್ತಿ ನೋಡುತ್ತಿದ್ದಾರೆ, ನಾನು ನೋಡುವುದಿಲ್ಲ, ಬಂದರೆ ಬರಲಿ, ಬಿಟ್ಟರೆ ಬಿಡಲಿ, ನಾನು ಮುಚ್ಚಳವನ್ನೇ ನೋಡುತ್ತಿದ್ದೇನೆ, ನಾಲಿಗೆ ಆಡುತ್ತಿದೆ, ಮುದ್ದೆಯ ಕೊನೆಯ ಚೂರು ಹೋಯಿತು, ನೆಕ್ಕಿದ ಮುಚ್ಚಳ, ಒಂದು ಅಗುಳಿಲ್ಲ, ಹೊಳೆಯುತ್ತಿದೆ, ತಿಥಿ ದಿನದ ಆ ಎಲೆ, ಬಿಸಿಲಿನಲ್ಲಿ ಹಸಿರಾಗಿ, ನೆಕ್ಕಿದ ಎಲೆ —