ಬಾಣಂತಿ ಮಂಚದ ಕವಿ

ಜಂಬ ನನ್ನ ಹುಟ್ಟುಗುಣ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಿಮಗೆ ಬೈಯುವ ಕಷ್ಟ ತಪ್ಪುತ್ತದೆ. ಸೇನ್ ನದಿಯ ಎಡದಂಡೆಯ ಒಂದು ನೆಲಮಾಳಿಗೆಯ ಕ್ಯಾಬರೆಯಲ್ಲಿ, ಕುಡಿಯುತ್ತಾ ಹಾಡು ಕೇಳುವವರ ಅಡ್ಡೆಯಲ್ಲಿ, ಇಪ್ಪತ್ತು ವರ್ಷ ಪಿಯಾನೊ ನುಡಿಸಿದರೂ ಈ ಫಿರ್ಮ್ಯಾಂ ಲಕಾಝನನ್ನು ಒಂದು ನಾಯಿಯೂ ಮೂಸಿ ನೋಡಿರಲಿಲ್ಲ. ಐವತ್ತನಾಲ್ಕನೇ ಇಸವಿಯ ಚಳಿಗಾಲದಲ್ಲಿ ಕ್ಲೊಟಿಲ್ಡ್ ಬರಾಸ್ ಅಲ್ಲಿಗೆ ಮೆಟ್ಟಿಲಿಳಿದು ಬಂದಳು.

ಬೆಲ್‌ವಿಲ್‌ನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದವಳು. ಇಪ್ಪತ್ತಾರು ವರ್ಷ, ಒರಟು ಕೈ, ಹರಕು ಬಾಯಿ. ಗಿಟಾರ್ ಹಿಡಿದು ಹಾಡಿದ ಮೊದಲ ಹಾಡಿನಲ್ಲೇ ಬಿಷಪ್ಪರ ಚಡ್ಡಿಯನ್ನೂ ಜನರಲ್ ಸಾಹೇಬರ ಚಡ್ಡಿಯನ್ನೂ ಒಂದೇ ಹಗ್ಗಕ್ಕೆ ನೇತುಹಾಕಿ, ಯಾವುದರ ಕಲೆ ಬಿಡಿಸಲು ಎಷ್ಟು ಸೋಪು ಸವೆಯಿತೆಂದು ವರದಿ ಒಪ್ಪಿಸಿದಳು. ಮುಂದಿನ ಮೇಜಿನ ಹೆಂಗಸು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಅವಳ ಗಂಡ ಎದ್ದು ಹೊರಗೆ ನಡೆದ. ನನಗೆ ಮೈಯೆಲ್ಲ ಝುಂ ಎಂದಿತು. ವಾರದೊಳಗೆ ಬೀದಿಯ ತನಕ ಸಾಲು, ಆರು ತಿಂಗಳಿಗೆ ರೆಕಾರ್ಡ್. ಇದನ್ನು ಹಾಕುವಂತಿಲ್ಲ ಎಂದು ರೇಡಿಯೊದವರು ತೀರ್ಮಾನಿಸಿದ ದಿನ ಅಂಗಡಿಗಳಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ.

ಮಾತೂ ಮಟ್ಟೂ ಎರಡೂ ಅವಳವೇ. ನಾನು ಸ್ವರಲಿಪಿ ಬರೆದುಕೊಡುತ್ತಿದ್ದೆ, ಅಷ್ಟೇ. ಆದರೆ ಒಂದು ತೊಡಕಿತ್ತು. ಹಾಡಿಗೆ ಕರ್ತೃವೆಂದು ಸಹಿ ಹಾಕಲು ಲೇಖಕರ ಸಂಘದ ಸದಸ್ಯತ್ವ ಬೇಕು, ಸದಸ್ಯತ್ವಕ್ಕೆ ಪರೀಕ್ಷೆ ಪಾಸಾಗಬೇಕು. ಒಬ್ಬರನ್ನೇ ಕೋಣೆಯಲ್ಲಿ ಕೂರಿಸಿ, ಒಂದು ವಿಷಯ ಕೊಟ್ಟು, ಬೀಗ ಜಡಿಯುತ್ತಾರೆ. ಮೂರು ಗಂಟೆಯಲ್ಲಿ ಒಂದು ಪಲ್ಲವಿ, ಮೂರು ಚರಣ ಆಗಬೇಕು. ಪರರ ಹಾಡನ್ನು ತನ್ನದೆನ್ನುವ ಕಳ್ಳರನ್ನು ಹಿಡಿಯಲು ಮಾಡಿದ ಏರ್ಪಾಡು. ಶಾಲೆಯನ್ನು ಹತ್ತು ವರ್ಷಕ್ಕೇ ಬಿಟ್ಟ ಕ್ಲೊಟಿಲ್ಡ್‌ಗೆ ಪರೀಕ್ಷೆಯೆಂದರೆ ಕೈಕಾಲು ತಣ್ಣಗಾಗುತ್ತಿತ್ತು. ನಾನು ಹಳೆಯ ಸದಸ್ಯ. ಸದ್ಯಕ್ಕೆ ನೀನೇ ಹಾಕಯ್ಯ ಅಂದಳು. ಹನ್ನೊಂದು ಹಾಡುಗಳಿಗೆ ಹಾಕಿದೆ.

ಆಮೇಲೆ ಪತ್ರಿಕೆಯವರು ಶುರುಮಾಡಿದರು. ಇಷ್ಟು ಹರಿತವಾದದ್ದು ಹೆಣ್ಣಿನ ತಲೆಯಿಂದ ಬರುವಂಥದ್ದಲ್ಲವಂತೆ, ಮೂಲೆಯಲ್ಲಿ ಕೂತ ನರೆಗಡ್ಡದ ಪಿಯಾನೊದವನದೇ ಸೈಯಂತೆ. ಬೇಕರಿಯವಳು ನನಗೆಂದು ಬಿಸಿ ಬ್ರೆಡ್ಡು ಎತ್ತಿಟ್ಟು ಕವಿಗಳೇ ಎಂದು ಕರೆಯತೊಡಗಿದಳು. ನಾನಲ್ಲಮ್ಮ ಎನ್ನಬೇಕಿತ್ತು. ಕತ್ತು ಬಗ್ಗಿಸಿ ಮುಗುಳ್ನಕ್ಕೆ. ಎಷ್ಟು ಹಿತವಾಗಿತ್ತು ಅಂತೀರಿ!

ಒಂದು ಸಂಜೆ ಹೆಸರಾಂತ ನಟನೊಬ್ಬ ವೇದಿಕೆಯ ಹಿಂದೆ ಬಂದವನು, ಕ್ಲೊಟಿಲ್ಡ್‌ಳನ್ನು ದಾಟಿಕೊಂಡು ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟ. ನಾನು ಸುಮ್ಮನೆ ಇಡಿಸಿಕೊಂಡೆ. ಅವಳು ಗಿಟಾರ್ ಒರೆಸುತ್ತಾ ನೋಡುತ್ತಿದ್ದಳು.

"ಕವಿಗಳೇ, ಮುಂದಿನ ಕೃತಿ ಯಾವಾಗ? ಸ್ವಲ್ಪ ಹೇಳಿ, ನಾನು ಬರ್ಕೊಳ್ತೀನಿ," ಅಂದಳು.

ಮರುದಿನವೇ ಪರೀಕ್ಷೆಗೆ ಹೆಸರು ಕೊಟ್ಟಳು. ಭಯ ಮಾತ್ರ ಹೋಗಿರಲಿಲ್ಲ. ಹೇಗೆ ಬರೆಯಲಿ ಎಂದು ನನ್ನನ್ನೇ ಕೇಳಿದಳು. ಅಲ್ಲಿರುವವರೆಲ್ಲ ಪದಕ ತೊಟ್ಟ ಮುದುಕರು, ಚಡ್ಡಿ ಗಿಡ್ಡಿ ಬೇಡ, ಒಂದು ಸಲ ಮರ್ಯಾದೆಯಾಗಿ ಬರೆ ಎಂದು ಬುದ್ಧಿ ಹೇಳಿದೆ. ಅದು ಅಕ್ಕರೆಯೋ, ಅವಳು ಸೋಲಲೆಂಬ ಆಸೆಯೋ, ಆಗ ಗೊತ್ತಿರಲಿಲ್ಲ. ಈಗ ಗೊತ್ತು, ಎರಡೂ ಹೌದು.

ವಿಷಯ 'ಹಳೆಯ ಸೇತುವೆ'. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಮಧ್ಯಾಹ್ನ ಬೀಗ ತೆಗೆದು, ಹನ್ನೊಂದು ಹಾಡಿನ ಮೇಲೆ ನನ್ನ ಹೆಸರಿದ್ದದ್ದರಿಂದ ನನ್ನನ್ನೂ ಒಳಗೆ ಕರೆದರು. ಮೂವರು ಪರೀಕ್ಷಕರು. ಅಧ್ಯಕ್ಷ ವೆರ್‌ದಿಯೆ ಅವಳು ಬರೆದದ್ದನ್ನು ಗಟ್ಟಿಯಾಗಿ ಓದಿದರು. ಬೆಳದಿಂಗಳು, ನೀರು, ಪ್ರೇಮಿಗಳು, ಎರಡು ಹನಿ ಕಣ್ಣೀರು. ಒಂದು ಮಾತ್ರೆಯೂ ತಪ್ಪಿರಲಿಲ್ಲ.

"ಚೆನ್ನಾಗಿದೆ. ಅದೇ ತೊಂದರೆ," ಅಂದರು ವೆರ್‌ದಿಯೆ. "ಇದನ್ನ ಬರೆದ ಕೈ ಆ ಚಡ್ಡಿ ಹಾಡು ಬರೆಯೋಕೆ ಸಾಧ್ಯವೇ ಇಲ್ಲ ಮದ್ಮೊಸೆಲ್. ಅಂದ್ಮೇಲೆ ಅವೆಲ್ಲ ಈ ಮಹಾಶಯರದೇ."

ಕ್ಲೊಟಿಲ್ಡ್‌ಳ ಮುಖ ಸುಣ್ಣವಾಯಿತು. ನನ್ನ ಕಡೆ ತಿರುಗಿದಳು. ನಾನು ಸುಮ್ಮನಿದ್ದರೆ ಸಾಕಿತ್ತು, ಸಾಯುವವರೆಗೂ ಕವಿ.

"ಒಂದಕ್ಷರ ನನ್ನದಲ್ಲ ಸ್ವಾಮಿ," ಅಂದೆ. "ಹನ್ನೊಂದೂ ಅವಳವೇ. ಇವತ್ತು ಹೀಗೆ ಸಪ್ಪೆಯಾಗಿ ಬರಿ ಅಂತ ತಲೆ ಕೆಡಿಸಿದ್ದೂ ನಾನೇ."

ವೆರ್‌ದಿಯೆ ಕೈ ಬೀಸಿ ನನ್ನ ಮಾತನ್ನು ತಳ್ಳಿಹಾಕಿದರು. ಚೆಲುವೆಗೋಸ್ಕರ ಗಂಡಸು ಸುಳ್ಳು ಹೇಳುವುದು ಅವರಿಗೆ ಹೊಸದಲ್ಲವಂತೆ. ಕ್ಲೊಟಿಲ್ಡ್ ಮೇಜು ಗುದ್ದಿದಳು. ಇನ್ನೊಂದು ವಿಷಯ ಕೊಡಿ, ಬೀಗ ಬೇಡ, ಕಣ್ಣೆದುರೇ ಕಟ್ಟುತ್ತೇನೆ ಅಂದಳು. ದಪ್ಪ ಕನ್ನಡಕದ ಪರೀಕ್ಷಕರಿಗೆ ಮಜಾ ಅನಿಸಿರಬೇಕು. ಇವರನ್ನೇ ತಗೊಳ್ಳಿ ಎಂದು ನನ್ನತ್ತ ಬೆರಳು ತೋರಿಸಿ ಕಾಲು ಗಂಟೆ ಕೊಟ್ಟರು.

ಅವಳಿಗೆ ಕಾಲು ಗಂಟೆ ಯಾತಕ್ಕೆ? ಮೂಲೆಯಲ್ಲೊಂದು ಪಿಯಾನೊ ಇತ್ತು. ಬಾರಿಸಯ್ಯ ಅಂದಳು. ಯಾವುದು ಎಂದು ಕೇಳಿದೆ.

"ಏನಾದ್ರೂ. ಒಂದ್ಸಲನಾದ್ರೂ ನಿನ್ನ ಸ್ವಂತದ್ದು."

ಬೆರಳಿಗೆ ಸಿಕ್ಕಿದ ಕುಂಟು ಮಟ್ಟೊಂದನ್ನು ಹಿಡಿದೆ. ಮುಂದೆ ಹದಿನೆಂಟು ವರ್ಷ ಉತ್ತರದ ಲಿಲ್‌ನಿಂದ ದಕ್ಷಿಣದ ಮಾರ್ಸೇಯ ತನಕ ಜನ ಕೂಗಿ ಕೂಗಿ ಕೇಳಿದ ಹಾಡು ಹುಟ್ಟಿದ್ದು ಹೀಗೆ:

ಹೊತ್ತದ್ದು ನಾನು, ಹೆತ್ತದ್ದು ನಾನು,
ಬಾಣಂತಿ ಮಂಚದಲಿ ಮಲಗಿದ್ದು ಅವನು;
ಬಂದವರೆಲ್ಲ ಅವನ ಹೊಟ್ಟೆಯ ಸವರಿ
ಎಷ್ಟು ನೋವಾಯ್ತಪ್ಪ ಅಂತಾರೆ ಮರುಗಿ.

ಕನ್ನಡಕದವರು ನಕ್ಕ ಹೊಡೆತಕ್ಕೆ ಕನ್ನಡಕ ಕೆಳಗೆ ಬಿತ್ತು. ಎರಡನೇ ಚರಣ ವೆರ್‌ದಿಯೆಯವರ ಪದಕಕ್ಕೇ ಕೈ ಹಾಕಿತು. ಮೂರನೆಯದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ನನ್ನ ಕಿವಿ ಉರಿಯುತ್ತಿತ್ತು, ಮಾನ ಮೂರು ಕಾಸಾಗಿತ್ತು, ಬೆರಳು ಮಾತ್ರ ಕುಣಿಯುತ್ತಿದ್ದವು. ಅಷ್ಟು ಖುಷಿ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ವೆರ್‌ದಿಯೆ ನಕ್ಕು ನಕ್ಕು ಒದ್ದೆಯಾದ ಕಣ್ಣೊರೆಸಿಕೊಂಡು, ಪಾಸು ಅಂದು, ಹಾಡಿನ ನೋಂದಣಿ ಹಾಳೆಯನ್ನು ಅವಳ ಮುಂದೆ ತಳ್ಳಿದರು. ಶಾಲೆಯ ಹುಡುಗಿಯ ಹಾಗೆ ನಾಲಿಗೆ ಕಚ್ಚಿ, ದಪ್ಪ ಅಕ್ಷರದಲ್ಲಿ ಮೊದಲ ಸಲ ತನ್ನ ಹೆಸರು ಬರೆದಳು. ಅದರ ಕೆಳಗೆ ಸಂಗೀತ ಎಂಬ ಸಾಲು ಖಾಲಿಯಿತ್ತು. ಲೇಖನಿಯನ್ನು ನನ್ನ ಕೈಗೆ ಕೊಟ್ಟಳು.

"ಇದಕ್ಕೆ ಹಾಕು. ಇದು ನಿಂದು."

ಹನ್ನೊಂದು ಸಲ ಸರಸರ ಗೀಚಿದ್ದ ಹೆಸರನ್ನು ಅವತ್ತು ನಾನೂ ನಾಲಿಗೆ ಕಚ್ಚಿ, ಒಂದೊಂದೇ ಅಕ್ಷರವಾಗಿ ಬರೆದೆ.