ಬೆಲ್ಲ ನೀರು

ಕೊಪ್ಪದ ವೃದ್ಧಾಶ್ರಮಕ್ಕೆ ಬಂದು ನಾಲ್ಕು ತಿಂಗಳಾದರೂ ಶೇಷಮ್ಮ ಮಂಚದ ಕೆಳಗಿನ ಬ್ಯಾಗು ಬಿಚ್ಚಿರಲಿಲ್ಲ. ಬೇಕಾದ ಸೀರೆ ಎಳೆದುಕೊಳ್ಳುವುದು, ಒಗೆದು ಒಣಗಿದ ಮೇಲೆ ಮತ್ತೆ ಅಲ್ಲೇ ತುರುಕುವುದು. ಗೋಡೆಯ ಕಪಾಟು ಖಾಲಿ. ಉಂಡ ತಟ್ಟೆ, ಲೋಟ ತೊಳೆದಿಡುವುದು ಅಲ್ಲಿ ಅವರವರ ಕೆಲಸ. ಶೇಷಮ್ಮ ಮಾತ್ರ ಮುಟ್ಟುತ್ತಿರಲಿಲ್ಲ. ನೆಂಟರು ಎಲ್ಲಾದರೂ ತಟ್ಟೆ ತೊಳೆಯುತ್ತಾರೆಯೇ? ನೋಡಿಕೊಳ್ಳುವ ರಶ್ಮಿ ಎರಡು ದಿನ ಗೊಣಗಿ, ಆಮೇಲೆ ತಾನೇ ತೊಳೆದಿಡತೊಡಗಿದಳು. ಸುತ್ತ ಹದಿನೆಂಟು ಜನರಿದ್ದರೂ ಮುದುಕಿ ಒಂಟಿ. ಯಾರಾದರೂ ಮಾತಿಗೆ ಬಂದರೆ "ನಾನು ಇವತ್ತೋ ನಾಳೆಯೋ ಹೊರಡೋಳು" ಎಂದುಬಿಡುತ್ತಿದ್ದಳು. ಹೊರಡುವವಳ ಸ್ನೇಹ ಯಾರಿಗೆ ಬೇಕು.

ಆ ಧೈರ್ಯಕ್ಕೆ ಕಾರಣ ತಂಗಿ ವಸಂತಮ್ಮ. ಮಕ್ಕಳಿಲ್ಲದ ಶೇಷಮ್ಮ ಸೊಂಟ ಮುರಿದುಕೊಂಡು ಮೆಣಸೆಯ ಮನೆ ಬಿಟ್ಟಾಗ ತಂಗಿ ಹೇಳಿದ್ದಳು: "ನಾಲ್ಕು ತಿಂಗಳು ಇದ್ದು ನೋಡಕ್ಕ. ನಾನು ಬಂದಾಗ ಹೊಂದ್ಲಿಲ್ಲ ಅನ್ನು, ಅವತ್ತೇ ಕಿಗ್ಗಕ್ಕೆ, ನಮ್ಮನೆಗೆ ಕರ್ಕೊಂಡು ಹೋಗ್ತೀನಿ."

ಆ ಮಂಗಳವಾರ ಅವಳು ಬಂದಳು. ಬೆಳಿಗ್ಗೆಯಿಂದ ಶೇಷಮ್ಮ ಬಾಯಿಪಾಠ ಮಾಡಿಕೊಂಡಿದ್ದಳು: ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ನನಗಿಲ್ಲಿ ಹೊಂದಲಿಲ್ಲ. ಆದರೆ ಬಿಸಿಲಲ್ಲಿ ನಡೆದು ಬಂದ ತಂಗಿ ಜಗುಲಿ ಹತ್ತಿದ್ದೇ ತಡ, ಐವತ್ತು ವರ್ಷ ಮನೆ ನಡೆಸಿದ ಕೈಕಾಲುಗಳು ಶೇಷಮ್ಮನ ಮಾತು ಕೇಳಲಿಲ್ಲ. ಕೋಲೂರಿ ಒಳಗೆ ಹೋಗಿ, ಬ್ಯಾಗಿನ ತಳದಿಂದ ಡಬ್ಬಿ ತೆಗೆದು, ಬೆಲ್ಲದ ತುಂಡು ತಟ್ಟೆಗಿಟ್ಟು, ಒಂದು ಲೋಟ ನೀರು ತಂದು ತಂಗಿಯ ಮುಂದಿಟ್ಟಳು.

"ಬಿಸ್ಲಲ್ಲಿ ಬಂದಿದೀಯ. ಮೊದ್ಲು ಬೆಲ್ಲ ನೀರು ತಗೋ."

ವಸಂತಮ್ಮ ಬೆಲ್ಲ ಮುಟ್ಟದೆ ಅಕ್ಕನ ಮುಖವನ್ನೇ ನೋಡಿದಳು. ಬಂದವರಿಗೆ ಬೆಲ್ಲ ನೀರು ಕೊಡುವುದು ಮನೆಯವರು, ನೆಂಟರಲ್ಲ. ಅವಳ ಕಣ್ಣು ತುಂಬಿತು.

"ಎಂತ ಮಾರಾಯ್ತಿ, ನಿನ್ನ ಕರ್ಕೊಂಡು ಬರೋ ವಿಷ್ಯ ನನ್ನ ಸೊಸೆ ಹತ್ರ ಹೆಂಗೆ ಹೇಳೋದು ಅಂತ ನಾಲ್ಕು ತಿಂಗಳಿಂದ ಹೆದರ್ಕೊಂಡೇ ಇದ್ದೆ. ನೀನು ನೋಡಿದ್ರೆ ಇದನ್ನೇ ಮನೆ ಮಾಡ್ಕೊಂಡಿದೀಯ."

ಇಲ್ಲ ಕಣೆ, ಕರೆದುಕೊಂಡು ಹೋಗು ಎನ್ನುವ ಮಾತು ಶೇಷಮ್ಮನ ನಾಲಿಗೆಯ ತುದಿಗೆ ಬಂತು. ಆದರೆ ಮನೆಗೆ ಬಂದವರನ್ನು ಮುಖ ಸಣ್ಣ ಮಾಡಿ ಕಳಿಸಿ ಅವಳಿಗೆ ಅಭ್ಯಾಸವೇ ಇರಲಿಲ್ಲ.

"ಊಟ ಮಾಡ್ಕೊಂಡೇ ಹೋಗು" ಎಂದಳು.

ಮೂರು ಗಂಟೆಯ ಬಸ್ಸಿಗೆ ತಂಗಿ ಹೊರಟಳು. ಗೇಟಿನವರೆಗೆ ಹೋಗಿ ಕಳಿಸಿ ಬಂದ ಶೇಷಮ್ಮನಿಗೆ ಅಳು ಒತ್ತಿಕೊಂಡು ಬಂತು. ಜಗುಲಿಯಲ್ಲಿ ತಂಗಿ ಕುಡಿದಿಟ್ಟ ಲೋಟ ಹಾಗೇ ಇತ್ತು. ರಶ್ಮಿ ಅದನ್ನೆತ್ತಲು ಕೈ ಚಾಚಿದಳು.

"ಇರ್ಲಿ ಬಿಡು, ಅದು ನಮ್ಮ ನೆಂಟ್ರದ್ದು" ಎಂದ ಶೇಷಮ್ಮ, ನಲ್ಲಿಯ ಹತ್ತಿರ ಒಬ್ಬಳೇ ನಿಂತು ಅದನ್ನು ತೊಳೆದಳು.